ನಕ್ಷತ್ರನೌಕೆಯ ನಾಯಕ, ನಮ್ಮ ಶಾಲೆಯ ಮೇಷ್ಟ್ರು

ಜೂನ್ ತಿಂಗಳು ಬಂತೆಂದರೆ ಸುಲ್ತಾನ್ ಬಜಾರಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಪುಸ್ತಕ, ಸಮವಸ್ತ್ರ, ಚೀಲಗಳಿಗಾಗಿ ಬರುವ ತಂದೆತಾಯಿಗಳ ನಡುವೆ ನಮ್ಮ ಕನ್ನಡ ಕುಟುಂಬಗಳೂ ಇರುತ್ತವೆ. ಇದೇ ಬಜಾರಿನಲ್ಲಿ 1901ರಷ್ಟು ಹಿಂದೆಯೇ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೆಂಬ ಗ್ರಂಥಾಲಯ ಹುಟ್ಟಿತು. ಅಂದು ಅರಿವಿನ ಬಾಗಿಲು ಪುಸ್ತಕ. ಆಮೇಲೆ ಬಂದದ್ದು ದೂರದರ್ಶನದ ಪರದೆ. ಇಂದಂತೂ ಪರದೆ ಮಕ್ಕಳ ಅಂಗೈಯಲ್ಲೇ ಇದೆ. ಎಲ್ಲವನ್ನೂ ಪರದೆಯೇ ಹೇಳಿಕೊಡುವಾಗ ಮೇಷ್ಟ್ರ ಮಾತನ್ನು ಏಕೆ ಕೇಳಬೇಕೆಂಬುದು ಮಕ್ಕಳ ಪ್ರಶ್ನೆ. ಇಂಥ ಮಕ್ಕಳನ್ನು ನಡೆಸುವುದು ಹೇಗೆಂಬುದು ಮೇಷ್ಟ್ರ ಪ್ರಶ್ನೆ. ವಿಚಿತ್ರವೆನಿಸಿದರೂ, ಇದಕ್ಕೆ ಉತ್ತರ ಹುಡುಕಲು ವಿಜ್ಞಾನ ಕಥೆಗಳತ್ತ ತಿರುಗಬಹುದು.

1945ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆರ್ಥರ್ ಸಿ. ಕ್ಲಾರ್ಕ್ ಎಂಬ ತರುಣ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಗೆ ಒಂದು ಲೇಖನ ಬರೆದ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿಯ ವೇಗದಲ್ಲೇ ತಿರುಗಿ ಆಕಾಶದಲ್ಲಿ ನಿಂತಂತೆ ಕಾಣುತ್ತದೆ. ಅಂಥ ಮೂರಿದ್ದರೆ ಲೋಕಕ್ಕೆಲ್ಲ ಪ್ರಸಾರ ಸಾಧ್ಯ ಎಂಬುದು ಅದರ ಸಾರ. ಮುಂದೆ ವಿಜ್ಞಾನ ಕಥೆಗಾರನೆಂದು ಜಗತ್ಪ್ರಸಿದ್ಧನಾದ ಆತನ ಆ ಕನಸು ಮೂವತ್ತು ವರ್ಷಗಳ ಮೇಲೆ ನಮ್ಮ ಹಳ್ಳಿಗಳಿಗೆ ಇಳಿಯಿತು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗ ವಿಕ್ರಮ್ ಸಾರಾಭಾಯಿಯವರ ಕನಸಿನ ಕೂಸು. ಅದನ್ನು ಕಣ್ಣಾರೆ ಕಾಣಲು 1971ರಲ್ಲಿ ತೀರಿಹೋದ ಅವರಿಗೆ ಸಾಧ್ಯವಾಗಲಿಲ್ಲ. ಕೊಲಂಬೊದಲ್ಲಿ ನೆಲೆಸಿದ್ದ ಕ್ಲಾರ್ಕರ ಮನೆಯಲ್ಲಿ ಮಾತ್ರ ನಮ್ಮ ಎಂಜಿನಿಯರುಗಳು ಒಂದು ಸೆಟ್ಟನ್ನು ಕೂರಿಸಿಕೊಟ್ಟರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಎಲ್ಲಿ ಗೊತ್ತೆ? ನಮ್ಮ ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ! 1956ರಲ್ಲಿ ಹೈದರಾಬಾದಿನಿಂದ ಬೇರೆಯಾದ ಗುಲ್ಬರ್ಗ, ರಾಯಚೂರುಗಳಿಗೆ ಹತ್ತೊಂಬತ್ತು ವರ್ಷಗಳ ನಂತರ ಇಲ್ಲಿಯ ಕನ್ನಡ ಆಕಾಶಮಾರ್ಗವಾಗಿ ಹೋಯಿತು.

ಪ್ರತಿದಿನ ಬೆಳಿಗ್ಗೆ ಶಾಲಾಮಕ್ಕಳಿಗೆ ಒಂದೊಂದು ಭಾಷೆಯಲ್ಲೂ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ಫಲವೇನಾಯಿತು? ಮಕ್ಕಳ ಭಾಷೆ ಬೆಳೆಯಿತು, ತಿಳಿಯುವ ಕುತೂಹಲ ಚಿಗುರಿತು. ಆದರೆ ಪಾಠದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಮುನ್ನಡೆ ಕಾಣಲಿಲ್ಲ. ಪೆಟ್ಟಿಗೆ ಕುತೂಹಲವನ್ನು ಕೆರಳಿಸಬಲ್ಲುದು, ಅದನ್ನು ಕೈಹಿಡಿದು ನಡೆಸುವವರು ಪಕ್ಕದಲ್ಲಿ ಇರಬೇಕು. ಇದನ್ನು ಮನಗಂಡವರಂತೆ ಯೋಜಕರು ಸುಮಾರು 50,000 ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ಎರಡು ಸರದಿಗಳಲ್ಲಿ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು. ದೂರದರ್ಶನದ ಪಾಠದ ಜೊತೆಗೆ ರೇಡಿಯೊ, ಮುದ್ರಿತ ಪಾಠ, ಕೈಯಾರೆ ಮಾಡುವ ಪ್ರಯೋಗ, ಚರ್ಚೆ ಎಲ್ಲವೂ ಅದರಲ್ಲಿದ್ದವು.

ಹಾಗಾದರೆ ಪಕ್ಕದಲ್ಲಿರುವವರು ಹೇಗಿರಬೇಕು? 1966ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 1980ರ ದಶಕದಲ್ಲಿ ನಮ್ಮ ದೂರದರ್ಶನಕ್ಕೂ ಬಂದ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ಅನೇಕರು ಬಲ್ಲರು. ಅದರ ನಾಯಕ ಕ್ಯಾಪ್ಟನ್ ಕರ್ಕ್. ಅವನ ಒಂದು ಬದಿಗೆ ತರ್ಕವೇ ಮೈವೆತ್ತ ಸ್ಪಾಕ್, ಇನ್ನೊಂದು ಬದಿಗೆ ಕರುಣೆಯೇ ಮಾತಾದ ಡಾಕ್ಟರ್ ಮೆಕಾಯ್. ಇಬ್ಬರ ಮಾತನ್ನೂ ಕೇಳಿ, ತೀರ್ಮಾನದ ಹೊಣೆಯನ್ನು ಕರ್ಕ್ ತಾನೇ ಹೊರುತ್ತಾನೆ.

‘ದಿ ಕಾರ್ಬೊಮೈಟ್ ಮನೂವರ್’ ಎಂಬ ಕಂತನ್ನು ಉಪಾಧ್ಯಾಯರು ತಪ್ಪದೆ ನೋಡಬೇಕು. ಅದರಲ್ಲಿ ಬೇಯ್ಲಿ ಎಂಬ ಎಳೆಯ ಅಧಿಕಾರಿ ಅಪಾಯದ ಗಳಿಗೆಯಲ್ಲಿ ಹೆದರಿ ಎಲ್ಲರೆದುರು ಕೂಗಾಡುತ್ತಾನೆ. ಕರ್ಕ್ ಅವನನ್ನು ಸ್ಥಾನದಿಂದ ಇಳಿಸುತ್ತಾನೆ. ಹುಡುಗನ ಮೇಲೆ ಶಕ್ತಿಮೀರಿ ಭಾರ ಹೊರಿಸಿದ್ದೀರಿ ಎಂದು ಡಾಕ್ಟರು ನಾಯಕನನ್ನೇ ಆಕ್ಷೇಪಿಸುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಬೇಯ್ಲಿ ತಾನಾಗಿ ಮರಳಿ ಬಂದು, ತನ್ನ ಜಾಗದಲ್ಲಿ ಕೂರಲು ಅಪ್ಪಣೆ ಬೇಡುತ್ತಾನೆ. ಕರ್ಕ್ ಹಳೆಯದನ್ನು ಕೆದಕದೆ ಒಪ್ಪುತ್ತಾನೆ. ಕೊನೆಗೆ ಅಪರಿಚಿತ ಲೋಕದವನ ಜೊತೆ ರಾಯಭಾರಿಯಾಗಿ ಉಳಿಯಲು ಮುಂದೆ ಬರುವವನೂ ಅದೇ ಬೇಯ್ಲಿ!

ತರಗತಿಯಲ್ಲಿ ಇಂಥ ಬೇಯ್ಲಿಗಳು ಪ್ರತಿವರ್ಷ ಸಿಗುತ್ತಾರೆ. ಪರವೂರಿನಿಂದ ಬಂದು, ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು, ಶಾಲೆಯಲ್ಲಿ ಮತ್ತೊಂದು ಭಾಷೆಯ ನಡುವೆ ತಡವರಿಸುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಯ ಒರಟುತನ ಭಯದ ಇನ್ನೊಂದು ರೂಪವಷ್ಟೆ. ಅಂಥವನನ್ನು ಹೊರಗೆ ನಿಲ್ಲಿಸುವುದು ಕೆಲವೊಮ್ಮೆ ಅನಿವಾರ್ಯವಾದೀತು. ಮರಳಿ ಬರಲು ಬಾಗಿಲು ತೆರೆದಿಟ್ಟಾಗಲೇ ಅದು ಶಿಸ್ತು. ಇಲ್ಲವಾದರೆ ಬರಿಯ ಶಿಕ್ಷೆ. ಹೊರಿಸಿದ ಭಾರ ಹೆಚ್ಚಾಯಿತೇ ಎಂದು ತನ್ನನ್ನು ಕೇಳಿಕೊಳ್ಳುವುದೂ, ಹಾಗೆ ಎಚ್ಚರಿಸುವ ಸಹೋದ್ಯೋಗಿಯ ಮಾತನ್ನು ಸಹಿಸುವುದೂ ಮುಂದಾಳಿನ ಗುಣವೇ.

ಶಾಲೆ ನೌಕೆಯಲ್ಲ, ಮಕ್ಕಳು ಸೈನಿಕರಲ್ಲ ಎಂಬುದೂ ನಿಜ. ನೌಕೆಯವರು ಪ್ರತಿಜ್ಞೆ ಮಾಡಿ ಬಂದವರು. ಮಕ್ಕಳನ್ನು ನಾವು ಕಳಿಸಿದ್ದೇವೆ. ಆದ್ದರಿಂದ ಮೇಷ್ಟ್ರ ತಾಳ್ಮೆ ಕ್ಯಾಪ್ಟನ್ನನ ತಾಳ್ಮೆಗಿಂತ ದೊಡ್ಡದಿರಬೇಕು. ತಂದೆತಾಯಿಗಳಾದ ನಾವು ವರ್ಷಾರಂಭದಲ್ಲಿ ಪುಸ್ತಕದ ಪಟ್ಟಿ ಹಿಡಿದು ಹೊರಟಷ್ಟೇ ಆಸ್ಥೆಯಿಂದ ಆ ಮೇಷ್ಟ್ರನ್ನೂ ಒಮ್ಮೆ ಕಂಡು ಮಾತಾಡಿದರೆ, ಅವರ ಅರ್ಧ ಭಾರ ಇಳಿದೀತು.