ಹಗೆಯ ಮಾತುಗಳ ಹುಟ್ಟು

ಹಗೆ, ಮುನಿಸು, ತಾತ್ಸಾರಗಳನ್ನು ಹೇಳುವ ಮಾತುಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ರೈವಲ್, ಹಾಸ್ಟೈಲ್, ಸರ್ಲಿ, ಅಲೂಫ್, ಬಾಯ್ಕಾಟ್ - ವೃತ್ತಪತ್ರಿಕೆಯನ್ನು ತೆರೆದರೆ ಇವುಗಳಲ್ಲಿ ಒಂದೆರಡಾದರೂ ನಿಮ್ಮ ಕಣ್ಣಿಗೆ ಬೀಳದೆ ಇರವು. ಇಂಥವು ರಣರಂಗದಲ್ಲಿ ಹುಟ್ಟಿದ ಮಾತುಗಳೆಂದು ನೀವು ಊಹಿಸಬಹುದು. ಆದರೆ ಅವುಗಳ ಚರಿತ್ರೆಯನ್ನು ವಿಚಾರಿಸಿದರೆ ತಿಳಿಯುವುದು ಬೇರೆ. ಕಾಲುವೆಯ ದಂಡೆ, ಮನೆಯ ಬಾಗಿಲು, ಊರಿನ ಸಂತೆ, ಇವೇ ಅವುಗಳ ತವರು. ಕೂಡಿ ಬಾಳಬೇಕಾದವರ ಸಂಬಂಧ ಕೆಟ್ಟಾಗ ಹುಟ್ಟಿದ ಮಾತುಗಳವು.

ಎದುರಾಳಿ ಎಂಬ ಅರ್ಥದ ‘ರೈವಲ್’ ಎಂಬುದನ್ನು ಮೊದಲು ತೆಗೆದುಕೊಳ್ಳೋಣ. ಲ್ಯಾಟಿನ್ ಭಾಷೆಯಲ್ಲಿ ‘ರೀವಸ್’ ಎಂದರೆ ತೊರೆ. ಒಂದೇ ತೊರೆಯ ನೀರನ್ನು ಇನ್ನೊಬ್ಬನೊಡನೆ ಹಂಚಿಕೊಳ್ಳುವವನು ‘ರೀವಾಲಿಸ್’. ಹಂಚಿಕೊಳ್ಳುವವನು ಎದುರಾಳಿಯಾದದ್ದು ಹೇಗೆಂಬುದನ್ನು, ನೀರಿನ ಸರದಿಗಾಗಿ ನಡೆಯುವ ಜಗಳಗಳನ್ನು ಕಂಡ ನಮ್ಮ ರೈತನಿಗೆ ಯಾರೂ ವಿವರಿಸಬೇಕಾಗಿಲ್ಲ. ಕನ್ನಡದ ‘ದಾಯಾದಿ’ ಎಂಬ ಮಾತೂ ಇದೇ ದಾರಿ ಹಿಡಿದಿದೆ. ದಾಯವೆಂದರೆ ಪಿತ್ರಾರ್ಜಿತದ ಪಾಲು. ಆ ಪಾಲಿಗೆ ಹಕ್ಕುಳ್ಳ ಬಂಧುವೇ ದಾಯಾದಿ. ಆದರೂ ‘ದಾಯಾದಿ ಮತ್ಸರ’ ಎಂದೊಡನೆ ನಮ್ಮ ನೆನಪಿಗೆ ಬರುವುದು ಬಂಧುತ್ವವಲ್ಲ, ಕುರುಕ್ಷೇತ್ರ.

‘ಹಾಸ್ಟೈಲ್’ ಎಂದರೆ ಹಗೆಯುಳ್ಳ. ಇದರ ಮೂಲ ಲ್ಯಾಟಿನ್ನಿನ ‘ಹಾಸ್ಟಿಸ್’, ಅಂದರೆ ಶತ್ರು. ಆದರೆ ಪೂರ್ವಿಕರ ಕಾಲದಲ್ಲಿ ಆ ಮಾತಿಗೆ ಪರಸ್ಥಳದವನು ಎಂಬಷ್ಟೇ ಅರ್ಥವಿತ್ತೆಂದು ರೋಮಿನ ವಾಗ್ಮಿ ಸಿಸೆರೋ ಕ್ರಿ.ಪೂ. 44ರಲ್ಲಿಯೇ ಬರೆದಿದ್ದಾನೆ. ಅತಿಥಿ ಎಂಬ ಅರ್ಥದ ಇಂಗ್ಲಿಷಿನ ‘ಗೆಸ್ಟ್’ ಇದೇ ಮೂಲದ ಮಾತು. ಅತಿಥೇಯನಿಗೆ ಹೇಳುವ ‘ಹೋಸ್ಟ್’, ಬಂದವರನ್ನು ಆದರಿಸುವ ಸ್ಥಳವಾದ ‘ಹಾಸ್ಪಿಟಲ್’ ಇವೂ ಇದರ ಬಳಗಕ್ಕೇ ಸೇರಿದುವು. ನಮ್ಮ ‘ಆಸ್ಪತ್ರೆ’ ಆ ಹಾಸ್ಪಿಟಲ್ಲಿನ ರೂಪಾಂತರವೇ. ಬಾಗಿಲಿಗೆ ಬಂದ ಅಪರಿಚಿತನನ್ನು ಒಳಗೆ ಕರೆದರೆ ಅತಿಥಿ, ಹೊರಗೆ ನಿಲ್ಲಿಸಿದರೆ ವೈರಿ; ಒಂದೇ ಮೂಲದಿಂದ ಎರಡು ಅರ್ಥಗಳೂ ಬೆಳೆದುವು.

ಸಿಡುಕು ಸ್ವಭಾವವನ್ನು ಹೇಳುವ ಎರಡು ಮಾತುಗಳ ಕಥೆಯೂ ಸ್ವಾರಸ್ಯವಾಗಿದೆ. ಹಳೆಯ ಇಂಗ್ಲೆಂಡಿನಲ್ಲಿ ಸ್ವತಂತ್ರನಾದ ಸಾಮಾನ್ಯ ರೈತನನ್ನು ‘ಚರ್ಲ್’ ಎನ್ನುತ್ತಿದ್ದರು. 1066ರಲ್ಲಿ ನಾರ್ಮನ್ನರು ದೇಶವನ್ನು ಗೆದ್ದ ಮೇಲೆ ಅವನ ಸ್ಥಾನ ಇಳಿಯಿತು. ಜೊತೆಗೆ ಅವನ ಹೆಸರೂ ಕೆಟ್ಟು, ‘ಚರ್ಲಿಷ್’ ಎಂದರೆ ಒರಟ ಎಂದಾಯಿತು. ‘ಸರ್ಲಿ’ ಎಂಬುದು ‘ಸರ್’ ಎಂಬ ಗೌರವದ ಪದದಿಂದ ಬಂದುದು. ಅದರ ಮೊದಲ ಅರ್ಥ ಒಡೆಯನಂತೆ ನಡೆಯುವವನು; ಮುಂದೆ ಗರ್ವಿಷ್ಠ; ಕಡೆಗೆ ಮುಖ ಗಂಟಿಕ್ಕಿದವನು. ಕೆಟ್ಟ ನಡತೆಗೆ ಹೆಸರು ಕೊಡುವಾಗ ಭಾಷೆ ಆಳನ್ನೂ ಬಿಡಲಿಲ್ಲ, ಅರಸನನ್ನೂ ಬಿಡಲಿಲ್ಲ. ಯಾರೊಡನೆಯೂ ಬೆರೆಯದೆ ದೂರ ನಿಲ್ಲುವುದನ್ನು ಹೇಳುವ ‘ಅಲೂಫ್’ ನಾವಿಕರ ಮಾತು. ದಡಕ್ಕೆ ತಾಗಿ ಒಡೆಯದಂತೆ ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸಿ ದೂರ ಇಡುವ ಎಚ್ಚರಿಕೆಯದು.

ಸಭೆ ಸೇರಿ ಒಬ್ಬನನ್ನು ಹೊರಗೆ ಹಾಕುವುದಕ್ಕೂ ಒಂದು ಮಾತುಂಟು: ‘ಆಸ್ಟ್ರಸೈಸ್’. ಪ್ರಾಚೀನ ಅಥೆನ್ಸಿನಲ್ಲಿ ಪ್ರಜೆಗಳು ಒಡೆದ ಮಡಕೆಯ ಚೂರಿನ ಮೇಲೆ, ನಗರಕ್ಕೆ ಅಪಾಯಕಾರಿಯೆಂದು ತೋರಿದವನ ಹೆಸರನ್ನು ಗೀಚಿ ಹಾಕುತ್ತಿದ್ದರು. ಆ ಚೂರಿಗೆ ‘ಆಸ್ಟ್ರಕಾನ್’ ಎಂದು ಹೆಸರು. ನ್ಯಾಯವಂತನೆಂದು ಹೆಸರಾಗಿದ್ದ ಅರಿಸ್ಟೈಡೀಸನೂ ಕ್ರಿ.ಪೂ. 482ರಲ್ಲಿ ಹೀಗೆ ನಗರವನ್ನು ಬಿಡಬೇಕಾಯಿತು. ಆದರೆ ಈ ಶಿಕ್ಷೆಗೆ ಹತ್ತು ವರ್ಷಗಳ ಮಿತಿಯಿತ್ತು. ಹೋದವನ ಆಸ್ತಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಈ ಮಿತಿಯನ್ನು ನೆನಪಿನಲ್ಲಿಡಿ.

ಈಗ ‘ಬಾಯ್ಕಾಟ್’ ಎಂಬ ಮಾತಿಗೆ ಬರೋಣ. ಇದು ಒಬ್ಬ ಮನುಷ್ಯನ ಹೆಸರು. ಐರ್ಲೆಂಡಿನ ಮೇಯೋ ಜಿಲ್ಲೆಯಲ್ಲಿ ಅರ್ನ್ ಪ್ರಭುವಿನ ಜಮೀನಿನ ಮೇಲ್ವಿಚಾರಕನಾಗಿದ್ದವನು ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಬೆಳೆ ಕೈಕೊಟ್ಟ ಕಾಲದಲ್ಲಿ ಒಕ್ಕಲುಗಳು ಗೇಣಿ ಇಳಿಸಬೇಕೆಂದು ಕೇಳಿದರು. ಅವನು ಒಕ್ಕಲೆಬ್ಬಿಸಲು ಹೊರಟ. 1880ರ ಸೆಪ್ಟೆಂಬರಿನಲ್ಲಿ ನಾಯಕ ಪಾರ್ನೆಲ್, ಹೊರದೂಡಲ್ಪಟ್ಟವನ ಭೂಮಿಗೆ ಆಸೆಪಡುವವನ ಮೇಲೆ ಕೈಮಾಡಬೇಡಿ, ಸಂತೆಯಲ್ಲಿ, ಅಂಗಡಿಯಲ್ಲಿ, ದೇವಾಲಯದಲ್ಲಿ ಅವನೊಡನೆ ಮಾತು ಬಿಡಿ ಎಂದು ಬೋಧಿಸಿದ್ದನು. ಕೆಲವೇ ದಿನಗಳಲ್ಲಿ ಬಾಯ್ಕಾಟನ ಮನೆಯ ಆಳುಗಳು ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಕಮ್ಮಾರ, ಅಗಸಗಿತ್ತಿ ಇಬ್ಬರೂ ಬರಲಿಲ್ಲ. ಬೆಳೆದ ಬೆಳೆ ಹೊಲದಲ್ಲೇ ನಿಂತಿತು. ಅದನ್ನು ತೆಗೆಯಲು ಹೊರಗಿನಿಂದ 50 ಮಂದಿ ಬಂದರು. ಅವರ ಕಾವಲಿಗೆ ಸುಮಾರು 1,000 ಸೈನಿಕರೂ ಪೊಲೀಸರೂ ಬಂದರು. 500 ಪೌಂಡುಗಳಷ್ಟು ಬೆಲೆಯ ಫಸಲಿಗಾಗಿ 10,000 ಪೌಂಡುಗಳಷ್ಟು ವೆಚ್ಚವಾಯಿತೆಂಬುದು ಅಂದಿನ ಅಂದಾಜು. ಡಿಸೆಂಬರ್ 1ರಂದು ಬಾಯ್ಕಾಟ್ ಐರ್ಲೆಂಡನ್ನೇ ಬಿಟ್ಟ. ಈ ನಡವಳಿಕೆಗೆ ‘ಆಸ್ಟ್ರಸೈಸ್’ ಎಂದರೆ ರೈತರಿಗೆ ಅರ್ಥವಾಗದೆಂದು ಅಲ್ಲಿನ ಪಾದ್ರಿ ಓಮ್ಯಾಲಿಯೇ ‘ಬಾಯ್ಕಾಟ್’ ಎಂಬ ಮಾತನ್ನು ಸೂಚಿಸಿದನೆಂದು ರೆಡ್‌ಪಾತ್ ಎಂಬ ಪತ್ರಕರ್ತ ಬರೆದಿದ್ದಾನೆ.

ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಈ ಮಾತು ನಮ್ಮ ದೇಶಕ್ಕೂ ಬಂದಿತು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್‌ಹಾಲಿನ ಸಭೆ ಬ್ರಿಟಿಷ್ ಸರಕುಗಳನ್ನು ಬಹಿಷ್ಕರಿಸಲು ನಿರ್ಧರಿಸಿತು. 1928ರಲ್ಲಿ ಸೈಮನ್ ಕಮಿಷನ್ನಿಗೂ ಬಹಿಷ್ಕಾರ ಹಾಕಿದೆವು. ಬಲವಿಲ್ಲದವರ ಆಯುಧವೆಂದು ನಾವು ಅದನ್ನು ಗೌರವಿಸುತ್ತೇವೆ.

ಆದರೆ ಬಹಿಷ್ಕಾರವನ್ನು ನಮ್ಮ ಹಳ್ಳಿಗಳು ಐರ್ಲೆಂಡಿನಿಂದ ಕಲಿಯಬೇಕಾಗಿರಲಿಲ್ಲ. ಇಲ್ಲಿ ಅದು ಬಲ್ಲಿದರ ಕೈಯಲ್ಲಿತ್ತು. 1927ರ ಮಾರ್ಚಿಯಲ್ಲಿ ಮಹಾಡಿನ ಸಾರ್ವಜನಿಕ ಕೆರೆಯಲ್ಲಿ ದಲಿತರೊಡನೆ ನೀರು ಕುಡಿದ ಡಾ. ಅಂಬೇಡ್ಕರ್ ಅವರು ಮರುತಿಂಗಳು ಆರಂಭಿಸಿದ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’. ಆಗ ಬೆಳಗಾವಿ, ಧಾರವಾಡ, ಬಿಜಾಪುರಗಳೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1928ರಲ್ಲಿ ನೇಮಕವಾದ ಸಮಿತಿಯೊಂದರಲ್ಲಿ ಅವರೂ ಸದಸ್ಯರು. ಹಕ್ಕು ಕೇಳಿದ ದಲಿತರಿಗೆ ಅಂಗಡಿಯ ಸಾಮಾನು, ಕೂಲಿ, ಗೇಣಿ ಭೂಮಿ ಎಲ್ಲವನ್ನೂ ಊರು ಒಟ್ಟಾಗಿ ನಿಲ್ಲಿಸಿಬಿಡುತ್ತದೆಂದು ಆ ಸಮಿತಿ 1930ರಲ್ಲಿ ವರದಿ ಮಾಡಿತು. ಬಾಯ್ಕಾಟನಿಗೆ ಸಾವಿರ ಮಂದಿಯ ಕಾವಲಿತ್ತು, ಹೋಗಲು ಇಂಗ್ಲೆಂಡಿತ್ತು. ಅರಿಸ್ಟೈಡೀಸನಿಗೆ ಹತ್ತು ವರ್ಷಗಳ ಗಡುವಿತ್ತು. ಇವರಿಗೆ ಕಾವಲೂ ಇರಲಿಲ್ಲ, ಗಡುವೂ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಹಾಗಿದ್ದೂ 2016ರಲ್ಲಿ ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

ಆದ್ದರಿಂದ ಬಹಿಷ್ಕಾರವೆಂಬ ಮಾತು ಕಿವಿಗೆ ಬಿದ್ದಾಗ, ಅದು ಸರಿಯೇ ತಪ್ಪೇ ಎಂದು ಹೇಳುವ ಮೊದಲು, ನೀರು ಯಾರ ವಶದಲ್ಲಿದೆ, ಹೊರಗೆ ನಿಂತವನಿಗೆ ಬೇರೆ ಬಾಗಿಲು ಉಂಟೆ ಎಂದು ವಿಚಾರಿಸಿ ನೋಡಿ. ತೊರೆಯನ್ನು ಹಂಚಿಕೊಂಡವನೂ ಬಾಗಿಲಿಗೆ ಬಂದವನೂ ಹುಟ್ಟಿನಿಂದ ವೈರಿಗಳಾಗಿರಲಿಲ್ಲವೆಂದು ಆ ಹಳೆಯ ಮಾತುಗಳೇ ಸಾಕ್ಷಿ ಹೇಳುತ್ತಿವೆ.