ಕಾಯಕವೂ ಸಾಧಾರಣತೆಯೂ

ಎಲ್ಲರೂ ತಮ್ಮ ತಮ್ಮ ವೃತ್ತಿಯಲ್ಲಿ ಅಗ್ರಗಣ್ಯರಾಗುವುದು ಸಾಧ್ಯವಿಲ್ಲ. ನೂರು ಜನ ನೇಕಾರರಲ್ಲಿ, ನೂರು ಜನ ಉಪಾಧ್ಯಾಯರಲ್ಲಿ ಹೆಸರು ಗಳಿಸುವವರು ನಾಲ್ಕಾರು ಮಂದಿ, ಉಳಿದವರು ಸಾಧಾರಣರು. ಹಾಗಾದರೆ ಯಾರೂ ದೂರದಷ್ಟು ಮಾತ್ರ ಕೆಲಸ ಮಾಡಿ, ಸಂಬಳವನ್ನೋ ಕೂಲಿಯನ್ನೋ ಪಡೆದು ತೃಪ್ತರಾಗಿರುವುದು ಕಾಯಕವೆನಿಸುವುದೆ? ಬಹುಕಾಲ ಪಾಠ ಹೇಳಿ ನಿವೃತ್ತನಾದ ನನ್ನನ್ನು ಈ ಪ್ರಶ್ನೆ ಕಾಡುತ್ತ ಬಂದಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಈ ಸೀಮೆಯ ಇತಿಹಾಸದಲ್ಲಿಯೇ ಇದಕ್ಕೆ ಉತ್ತರವುಂಟೆಂದು ನನ್ನ ನಂಬಿಕೆ.

ಬಾದಾಮಿಗೆ ಸಮೀಪದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ, ಕ್ರಿ.ಶ. 8ನೆಯ ಶತಮಾನದಲ್ಲಿ ಅವನ ರಾಣಿ ಲೋಕಮಹಾದೇವಿಯು ಕಟ್ಟಿಸಿದುದು. ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ಪೆರ್ಜೆರೆಪು ಪಟ್ಟವನ್ನು ಕಟ್ಟಿದ ಸಂಗತಿಯನ್ನು ಅಲ್ಲಿಯ ಶಾಸನ ತಿಳಿಸುತ್ತದೆ. ದುಗ್ಗಿ ಆಚಾರಿಯ ಮಗ ಬಲದೇವನ ಹೆಸರು ಅವನು ಕಡೆದ ಶಿಲ್ಪದೊಡನೆಯೇ ಉಳಿದಿದೆ. ಇವರು ಪ್ರತಿಭಾವಂತರು. ಆದರೆ ಗಾರೆಯ ನೆರವಿಲ್ಲದೆ ಒಂದರ ಮೇಲೊಂದು ಕೂಡಿಸಿದ ಆ ಗೋಡೆಗಳ ಕಲ್ಲುಗಳ ಮೈಯನ್ನು ಸಮಗೊಳಿಸಿದ ಅಸಂಖ್ಯ ಕಲ್ಲುಕುಟಿಗರಿಗೆ ಪಟ್ಟವೂ ಇಲ್ಲ, ಹೆಸರೂ ಇಲ್ಲ. ಅವರನ್ನು ಸಾಧಾರಣರೆನ್ನೋಣ. ಸಂದಿನ ಒಳಮೈ ಒಮ್ಮೆ ಮುಚ್ಚಿದ ಮೇಲೆ ಅರಸನಿಗಾಗಲಿ ಸೂತ್ರಧಾರಿಗಾಗಲಿ ಕಾಣುವಂತಹುದಲ್ಲ. ಅಲ್ಲಿ ಅವರು ಉದಾಸೀನ ಮಾಡಿದ್ದರೆ ಗುಂಡನ ಕೀರ್ತಿಯೂ ಉಳಿಯುತ್ತಿರಲಿಲ್ಲ. ಸುಮಾರು 1280 ವರ್ಷಗಳಾದರೂ ಗೋಡೆ ನಿಂತಿದೆ.

ಈ ಹೆಸರಿಲ್ಲದ ದುಡಿಮೆಗೆ ಹೆಸರೂ ಗೌರವವೂ ದೊರೆತುದು ಮುಂದೆ 12ನೆಯ ಶತಮಾನದಲ್ಲಿ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ವಿದ್ಯೆ ಕಲಿತ ಬಸವಣ್ಣನವರು ಕಲ್ಯಾಣದಲ್ಲಿ ಕೂಡಿಸಿದ ಶರಣರಲ್ಲಿ ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು, ಚೆಲ್ಲಿದ ಅಕ್ಕಿಯನ್ನಾಯುವ ಮಾರಯ್ಯನಿದ್ದನು, ಕಸಗುಡಿಸುವ ಸತ್ಯಕ್ಕನಿದ್ದಳು. ಅಸಾಧಾರಣ ಕೌಶಲ್ಯವೇ ಕಾಯಕದ ಅಳತೆಗೋಲಾಗಿದ್ದರೆ ಇವರಿಗೆ ಅಲ್ಲಿ ಸ್ಥಾನವಿರುತ್ತಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದುಬರುವಂತೆ ಹೇಳಿ ಕಳುಹಿದ ಕಥೆ ಸರ್ವವಿದಿತ. 'ಅಂದಂದಿಗೆ ಸಾಕಾದಷ್ಟು ಮಾಡಿದರೆ ಸಾಕೆಂಬುದೇ ಶರಣರ ಮತ' ಎಂದು ಇದರಿಂದ ಕೆಲವರು ವಾದಿಸುವುದುಂಟು. ಈ ವಾದ ಸರಿಯಲ್ಲ. ಲಕ್ಕಮ್ಮನು ಮಿತಿ ಹಾಕಿದುದು ಗಳಿಕೆಗೆ, ಕಾಯಕದ ನಿಷ್ಠೆಗಲ್ಲ. ಚಂದಯ್ಯನ ಕಥೆಯಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. ತನ್ನ ಹಗ್ಗಕ್ಕೆ ತಕ್ಕುದಕ್ಕಿಂತ ಹೆಚ್ಚಿನ ಬೆಲೆ ಬಂದಾಗ ಅವನು ಒಪ್ಪಲಿಲ್ಲ. ಈ ನ್ಯಾಯವನ್ನು ತಿರುಗಿಸಿ ನೋಡಿದರೆ, ಸಡಿಲವಾಗಿ ಹೊಸೆದ ಹಗ್ಗಕ್ಕೆ ಪೂರ್ಣ ಬೆಲೆ ಪಡೆಯುವುದೂ ಹೆಚ್ಚಿನ ಹಣವನ್ನು ಪಡೆದಂತೆಯೇ ಆಗುತ್ತದೆ.

ಇಳಕಲ್ಲಿನ ಕುಣಿಮಗ್ಗದ ಮೇಲೆ ಇದನ್ನು ಕಣ್ಣಾರೆ ಕಾಣಬಹುದು. 2007ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಳಕಲ್ಲ ಸೀರೆಯ ವೈಶಿಷ್ಟ್ಯವೇ ಕೊಂಡಿ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು, ಅನಂತರವೇ ನೇಯ್ಗೆ. ನನ್ನ ತಂದೆಯವರು ಹೆಸರಾಂತ ನೇಕಾರರಾಗಿರಲಿಲ್ಲ. ಸಾದಾ ಸೀರೆಯನ್ನೇ ಜೀವನವಿಡೀ ನೇಯ್ದರು. ಆದರೆ ಕೊಂಡಿ ಹಾಕುವಾಗ ಒಂದು ಎಳೆ ತಪ್ಪಿತೆಂದು ಅನುಮಾನವಾದರೂ ಕೈ ನಿಲ್ಲಿಸಿ, ಹಿಂದಕ್ಕೆ ಹೋಗಿ ಹುಡುಕುತ್ತಿದ್ದರು. ಅದಕ್ಕಾಗಿ ಅವರಿಗೆ ಹೆಚ್ಚಿನ ಕೂಲಿಯೇನೂ ಸಿಗುತ್ತಿರಲಿಲ್ಲ.

ಅಂಥವರ ಮಗನಾದ ನಾನು ಮಾಡಿದ್ದೇನು? ಕೆಲವು ವರ್ಷ ಹಳೆಯ ಟಿಪ್ಪಣಿಗಳನ್ನೇ ತರಗತಿಯಲ್ಲಿ ಓದಿ ಹೇಳಿದೆ. ಫಲಿತಾಂಶ ಸಾಧಾರಣವಾಗಿ ಬರುತ್ತಿತ್ತು, ಮೇಲಿನವರ ಆಕ್ಷೇಪಣೆಯಿರಲಿಲ್ಲ. ಒಂದು ದಿನ ವಚನವೊಂದರ ಅರ್ಥ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ, "ನಮ್ಮಣ್ಣನ ವಹಿಯೊಳಗೂ ಹಿಂಗ ಐತ್ರಿ, ಗುರುಗಳ" ಎಂದನು. ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಅಂದು ರಾತ್ರಿ ಆ ವಚನವನ್ನು ಹೊಸದಾಗಿ ಓದಲು ಕುಳಿತೆ. ಅದರಲ್ಲಿ ನನಗೆ ತಿಳಿಯದ ಪದಗಳು ಎರಡಿದ್ದುವು. ಅಷ್ಟು ವರ್ಷ ಅವುಗಳನ್ನು ದಾಟಿಸಿಯೇ ಪಾಠ ಹೇಳಿದ್ದೆನು. ಆ ಬಳಿಕ ನಾನು ಶ್ರೇಷ್ಠ ಉಪಾಧ್ಯಾಯನಾದೆನೆಂದಲ್ಲ. ಪಾಠಕ್ಕೆ ಮೊದಲು ಓದದೆ ತರಗತಿಗೆ ಹೋಗಲಿಲ್ಲ, ಅಷ್ಟೆ.

ರೋಗ, ಮುಪ್ಪು, ಬಡತನಗಳಿಂದ ಕೈಸೋತವರ ಮಾತು ಬೇರೆ. ಅವರನ್ನು ಯಾರೂ ತೂಗಬಾರದು. ಪ್ರತಿಭೆ ಸಾಧಾರಣವಾಗಿರುವುದೂ ತಪ್ಪಲ್ಲ, ಅದು ನಮ್ಮ ಕೈಯಲ್ಲಿಲ್ಲ. ಆದರೆ ಕೈಯಲ್ಲಿರುವ ಶಕ್ತಿಯನ್ನು ಬಚ್ಚಿಟ್ಟು ಮಾಡಿದ ಕೆಲಸವನ್ನು ಊರು ಒಪ್ಪಿದರೂ ಕಾಯಕವೆನ್ನಲು ಬಾರದು. ನಮ್ಮ ನಮ್ಮ ಕೊಂಡಿಯಲ್ಲಿ ಎಲ್ಲಿ ಎಳೆ ತಪ್ಪಿದೆಯೆಂಬುದು ಮೊದಲು ತಿಳಿಯುವುದು ನಮಗೇ. ಅಲ್ಲಿಗೆ ಹಿಂದಿರುಗಿ ಹೋಗುವ ಮನಸ್ಸನ್ನು ಶರಣರು ನಮಗೆಲ್ಲ ಕರುಣಿಸಲಿ.