ಬಾಂಡ್ ಚಿತ್ರಮಾಲೆಯಲ್ಲಿ ನಟನ ಪಾಲೆಷ್ಟು? ಒಂದು ತೌಲನಿಕ ವಿವೇಚನೆ

ಕಾನರಿ ಎಂದರೆ ಗತ್ತು, ಮೂರ್ ಎಂದರೆ ತಮಾಷೆ, ಡಾಲ್ಟನ್ ಎಂದರೆ ಕಾಠಿಣ್ಯ, ಕ್ರೇಗ್ ಎಂದರೆ ಗಾಯ. ಜೇಮ್ಸ್ ಬಾಂಡ್ ಚಿತ್ರಗಳ ಚರ್ಚೆ ಬಹುಮಟ್ಟಿಗೆ ಈ ಸೂತ್ರಗಳ ಮೇಲೆಯೇ ನಡೆಯುತ್ತ ಬಂದಿದೆ. 1962ರ 'ಡಾಕ್ಟರ್ ನೋ'ದಿಂದ 2021ರ 'ನೋ ಟೈಮ್ ಟು ಡೈ'ವರೆಗೆ ಇಯಾನ್ ಪ್ರೊಡಕ್ಷನ್ಸ್ ತೆಗೆದ ಚಿತ್ರಗಳು 25. ಅವುಗಳಲ್ಲಿ ಶಾನ್ ಕಾನರಿ 6, ಜಾರ್ಜ್ ಲೇಜನ್‌ಬಿ 1, ರೋಜರ್ ಮೂರ್ 7, ಟಿಮೊತಿ ಡಾಲ್ಟನ್ 2, ಪಿಯರ್ಸ್ ಬ್ರಾಸ್ನನ್ 4, ಡೇನಿಯಲ್ ಕ್ರೇಗ್ 5 ಚಿತ್ರಗಳಲ್ಲಿ ಬಾಂಡ್ ಆದರು. ನಟನೊಬ್ಬನಿಗೆ ಒಂದು ಯುಗ ಎಂದು ಹಂಚಿಬಿಡುವುದು ಸುಲಭ. ಆದರೆ ನಟ ಬದಲಾದಾಗ ನಿರ್ದೇಶಕ, ಬರಹಗಾರ, ರಾಜಕೀಯ ಸಂದರ್ಭ ಇವೂ ಬದಲಾಗಿದ್ದರೆ, ಕಾಣುವ ವ್ಯತ್ಯಾಸವನ್ನು ಯಾರ ಲೆಕ್ಕಕ್ಕೆ ಹಾಕಬೇಕು?

ಇದನ್ನು ಪರೀಕ್ಷಿಸಲು ಚಿತ್ರಮಾಲೆಯೊಳಗೇ ಒಂದು ದಾರಿಯಿದೆ. ಗೈ ಹ್ಯಾಮಿಲ್ಟನ್, ಜಾನ್ ಗ್ಲೆನ್, ಮಾರ್ಟಿನ್ ಕ್ಯಾಂಪ್‌ಬೆಲ್ ಈ ಮೂವರೂ ತಲಾ ಇಬ್ಬರು ಬಾಂಡ್‌ಗಳನ್ನು ನಿರ್ದೇಶಿಸಿದ್ದಾರೆ. ನಿರ್ದೇಶಕನನ್ನು ಸ್ಥಿರವಾಗಿಟ್ಟು ನಟರನ್ನು ಹೋಲಿಸಿದಾಗ ಮೇಲಿನ ಸೂತ್ರಗಳಲ್ಲಿ ಎರಡಾದರೂ ಬಿದ್ದುಹೋಗುತ್ತವೆ.

ಹ್ಯಾಮಿಲ್ಟನ್ ಅವರ 'ಗೋಲ್ಡ್‌ಫಿಂಗರ್' (1964) ಮತ್ತು 'ಡೈಮಂಡ್ಸ್ ಆರ್ ಫಾರೆವರ್' (1971) ಎರಡರಲ್ಲೂ ನಾಯಕ ಕಾನರಿಯೇ. ಎರಡನೆಯದರಲ್ಲಿ ಬಾಂಡ್ ನೆವಾಡಾ ಮರುಭೂಮಿಯಲ್ಲಿ ಚಂದ್ರನ ಮೇಲೆ ಓಡಿಸುವ ವಾಹನ ಹತ್ತಿ ಪರಾರಿಯಾಗುತ್ತಾನೆ. ಖಳನಾಯಕ ಬ್ಲೋಫೆಲ್ಡ್ ಹೆಂಗಸಿನ ವೇಷದಲ್ಲಿ ತಪ್ಪಿಸಿಕೊಳ್ಳುತ್ತಾನೆ. ಮೂರ್ ಕಾಲಿಡುವ ಮೊದಲೇ ವಿಡಂಬನೆ ಬಂದು ಕೂತಿತ್ತು. ಅದನ್ನು ತಂದವರನ್ನು ಹುಡುಕಿದರೆ ಆ ಚಿತ್ರದ ಚಿತ್ರಕಥೆಯಲ್ಲಿ ಟಾಮ್ ಮ್ಯಾಂಕಿವಿಚ್ ಎಂಬ ಹೊಸ ಹೆಸರು ಸಿಗುತ್ತದೆ. ಮೂರ್ ಅವರ ಮೊದಲೆರಡು ಚಿತ್ರಗಳ ಬರವಣಿಗೆಯಲ್ಲೂ ಅವರ ಕೈಯಿದೆ, ನಿರ್ದೇಶನ ಮತ್ತೆ ಹ್ಯಾಮಿಲ್ಟನ್ ಅವರದೇ. 'ಲಿವ್ ಅಂಡ್ ಲೆಟ್ ಡೈ'ನಲ್ಲಿ (1973) ಹೊಸ ನಟನನ್ನು ಹಳಬನ ನೆರಳಿನಿಂದ ದೂರವಿಡಲು ಮಾರ್ಟಿನಿ ಬದಲು ಬೋರ್ಬನ್, ಸಿಗರೇಟಿನ ಬದಲು ಚುಟ್ಟ ಕೊಟ್ಟರು. ಮೂರ್ ಬಂದದ್ದರಿಂದ ಧಾಟಿ ಬದಲಾಗಲಿಲ್ಲ, ಬದಲಾದ ಧಾಟಿಗೆ ಮೂರ್ ಹೊಂದಿಕೊಂಡರು.

ಗ್ಲೆನ್ ಅವರ ಐದು ಚಿತ್ರಗಳು (1981–1989) ಇನ್ನೂ ಹೆಚ್ಚಿನ ಸಾಮಗ್ರಿ ಒದಗಿಸುತ್ತವೆ. 'ಫಾರ್ ಯುವರ್ ಐಸ್ ಓನ್ಲಿ'ಯಲ್ಲಿ (1981) ಸಹೋದ್ಯೋಗಿಯನ್ನು ಕೊಂದವನ ಕಾರು ಬಂಡೆಯಂಚಿನಲ್ಲಿ ತೂಗಾಡುತ್ತಿರುವಾಗ ಬಾಂಡ್ ಅದನ್ನು ಒದ್ದು ಕಮರಿಗೆ ಕೆಡವುತ್ತಾನೆ. ಹಾಗೆ ಒದೆಯಲು ಮೂರ್ ಅವರಿಗೆ ಮನಸ್ಸಿರಲಿಲ್ಲ, ಹಟ ಹಿಡಿದು ಮಾಡಿಸಿದವರು ಗ್ಲೆನ್. 'ಆಕ್ಟೋಪಸಿ'ಯಲ್ಲಿ (1983) ಉದಯಪುರದ ಬೀದಿಗಳಲ್ಲಿ ಆಟೋರಿಕ್ಷಾ ಅಟ್ಟಾಟ, ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಕೈಯಲ್ಲಿ ಟೆನಿಸ್ ರ್‍ಯಾಕೆಟ್. ಅದೇ ಚಿತ್ರದ ಕೊನೆಯ ಭಾಗದಲ್ಲಿ ವಿದೂಷಕನ ಬಣ್ಣ ಬಳಿದುಕೊಂಡ ಬಾಂಡ್ ಅಣುಬಾಂಬಿನ ಸುದ್ದಿ ಹೇಳಿದರೆ ಯಾರೂ ನಂಬುವುದಿಲ್ಲ. ಮೂರ್ ಇಲ್ಲಿ ಒಂದಿಷ್ಟೂ ನಗಿಸುವುದಿಲ್ಲ, ಮುಖದ ಬಣ್ಣ ಮಾತ್ರ ನಗುತ್ತಿರುತ್ತದೆ. ಅವರ ಅಭಿನಯವನ್ನು ಹಗುರವಾಗಿ ಕಾಣುವವರು ಈ ಕೆಲವು ನಿಮಿಷಗಳನ್ನು ಮತ್ತೆ ನೋಡಬೇಕು.

ಇನ್ನು 'ಕಠಿಣ' ಡಾಲ್ಟನ್. 'ದಿ ಲಿವಿಂಗ್ ಡೇಲೈಟ್ಸ್'ನಲ್ಲಿ (1987) ಅವರು ನಾಯಕಿಯೊಡನೆ ಚೆಲ್ಲೋ ವಾದ್ಯದ ಪೆಟ್ಟಿಗೆಯಲ್ಲಿ ಕೂತು ಹಿಮದ ಮೇಲೆ ಜಾರುತ್ತ ಗಡಿ ದಾಟುತ್ತಾರೆ. ಇದು ಮೂರ್ ಅವರಿಗೆ ಹೇಳಿ ಮಾಡಿಸಿದಂಥ ದೃಶ್ಯ. ಮಿತ್ರನಿಗಾಗಿ ಸೇಡು ತೀರಿಸಿಕೊಳ್ಳುವ 'ಲೈಸೆನ್ಸ್ ಟು ಕಿಲ್' (1989) ಬಂದಾಗಲೇ ನಟನ ಸ್ವಭಾವವೂ ಕಥೆಯೂ ಕೂಡಿಬಂದದ್ದು. ಅದರ ಬೀಜ 1981ರ ಆ ಒದೆತದಲ್ಲಿದೆ. ಎರಡಕ್ಕೂ ಕಥೆ ಕಟ್ಟಿದವರು ರಿಚರ್ಡ್ ಮೇಬಮ್ ಮತ್ತು ಮೈಕೆಲ್ ವಿಲ್ಸನ್. ಮೇಬಮ್ ಮೊದಲ ಹದಿನಾರು ಚಿತ್ರಗಳ ಪೈಕಿ ಹದಿಮೂರರ ಚಿತ್ರಕಥೆಯಲ್ಲಿ ಪಾಲುಗೊಂಡವರು. ಯಾವ ಬಾಂಡ್ ನಟನೂ ಅಷ್ಟು ಕಾಲ ಬಾಂಡ್ ಆಗಿ ಉಳಿಯಲಿಲ್ಲ.

ಕ್ಯಾಂಪ್‌ಬೆಲ್ ಜೋಡಿಯಲ್ಲಿ ನನ್ನ ವಾದ ಕಷ್ಟಕ್ಕೆ ಸಿಲುಕುತ್ತದೆ. 'ಗೋಲ್ಡನ್‌ಐ'ನಲ್ಲಿ (1995) ಬ್ರಾಸ್ನನ್ ಸೇಂಟ್ ಪೀಟರ್ಸ್‌ಬರ್ಗಿನ ಬೀದಿಗಳಲ್ಲಿ ಟ್ಯಾಂಕ್ ನುಗ್ಗಿಸುತ್ತ ಟೈ ಸರಿಪಡಿಸಿಕೊಳ್ಳುತ್ತಾರೆ. 'ಕ್ಯಾಸಿನೋ ರಾಯಲ್'ನಲ್ಲಿ (2006) ಕ್ರೇಗ್ ಮೆಟ್ಟಿಲ ಬಳಿಯ ಕಾದಾಟ ಮುಗಿಸಿ, ಕನ್ನಡಿಯೆದುರು ರಕ್ತ ತೊಳೆದು, ವಿಸ್ಕಿ ನುಂಗಿ, ಅಂಗಿ ಬದಲಿಸುತ್ತಾರೆ. ನಿರ್ದೇಶಕ ಒಬ್ಬರೇ, ದೇಹಗಳು ಎರಡು. ಇಲ್ಲಿ ನಟನ ಪಾಲು ದೊಡ್ಡದೆಂದು ಒಪ್ಪಲೇಬೇಕು. ಆದರೂ ಒಂದು ಮಾತು ಉಳಿಯುತ್ತದೆ. 'ಡೈ ಅನದರ್ ಡೇ'ಯ (2002) ಆರಂಭದ ಭಾಗದಲ್ಲೇ ಬಾಂಡ್ ಉತ್ತರ ಕೊರಿಯಾದ ಸೆರೆಯಲ್ಲಿ ಚಿತ್ರಹಿಂಸೆಗೊಳಗಾಗುತ್ತಾನೆ. ಅಲ್ಲಿ ಬ್ರಾಸ್ನನ್ ಗಾಯವನ್ನು ಚೆನ್ನಾಗಿಯೇ ಅಭಿನಯಿಸಿದ್ದಾರೆ, ಚಿತ್ರವೇ ಅದನ್ನು ಕೈಬಿಟ್ಟು ಕಣ್ಣಿಗೆ ಕಾಣದ ಕಾರಿನ ಹಿಂದೆ ಹೋಯಿತು. ಕನ್ನಡಿಯೆದುರಿನ ದೃಶ್ಯವನ್ನು ಅವರು ಮಾಡಲಾರರೆಂದಲ್ಲ, ಅಂಥದ್ದನ್ನು ಅವರಿಗೆ ಯಾರೂ ಬರೆದುಕೊಡಲಿಲ್ಲ.

ಕನ್ನಡದ ಉದಾಹರಣೆ ನಟರು ಬದಲಾಗುತ್ತ ಹೋದ ಈ ಮಾಲೆಗೆ ತದ್ವಿರುದ್ಧ. ನಿರ್ದೇಶಕ ಜೋಡಿ ದೊರೆ-ಭಗವಾನ್ ಬಾಂಡ್ ಮಾದರಿಯಲ್ಲಿ ರೂಪಿಸಿದ ಸಿಐಡಿ 999 ಪಾತ್ರ 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ನಾಲ್ಕು ಚಿತ್ರಗಳಲ್ಲಿ ಬಂತು, ನಾಲ್ಕರಲ್ಲೂ ರಾಜ್‌ಕುಮಾರ್. ಇಲ್ಲಿ ಜನ ನೋಡಲು ಹೋದದ್ದು ರಾಜ್‌ಕುಮಾರ್ ಅವರನ್ನು, 999 ಅವರು ಹಾಕಿದ ವೇಷಗಳಲ್ಲೊಂದು. ಅವರ ಜಾಗಕ್ಕೆ ಬೇರೊಬ್ಬರನ್ನು ತಂದು ಮಾಲೆ ಮುಂದುವರಿಯಲಿಲ್ಲ. ಇಯಾನ್ ಸಂಸ್ಥೆ ಪಾತ್ರವನ್ನು ನಟನಿಂದ ಬಿಡಿಸಿಟ್ಟಿತು. ಎಂ, ಕ್ಯೂ, ಮನಿಪೆನ್ನಿ ಎಂಬ ಪೋಷಕ ಪಾತ್ರಗಳನ್ನು ಬಹುಮಟ್ಟಿಗೆ ಉಳಿಸಿಕೊಂಡು ಬಾಂಡ್‌ನನ್ನು ಬದಲಿಸಿತು. ಆಯುಧ ಒಪ್ಪಿಸುವ ಕ್ಯೂ ಪಾತ್ರದ ಡೆಸ್ಮಂಡ್ ಲೆವೆಲಿನ್ 17 ಚಿತ್ರಗಳಲ್ಲಿ ಐವರು ಬಾಂಡ್‌ಗಳೊಡನೆ ಕಾಣಿಸಿಕೊಂಡರು.

ಆ ಏರ್ಪಾಡಿಲ್ಲದೆ ನಟನೊಬ್ಬನೇ ನಿಂತರೆ ಏನಾಗುತ್ತದೆ? 1983ರಲ್ಲಿ ಅದೂ ನಡೆಯಿತು. ಇಯಾನ್‌ನಿಂದ ಹೊರಗೆ ತಯಾರಾದ 'ನೆವರ್ ಸೇ ನೆವರ್ ಅಗೇನ್'ನಲ್ಲಿ ಕಾನರಿ ತಮ್ಮದೇ ಹಳೆಯ ಚಿತ್ರ 'ಥಂಡರ್‌ಬಾಲ್'ನ ಕಥೆಗೇ ಮರಳಿದರು. ಬಂದೂಕಿನ ನಳಿಗೆಯ ಆರಂಭದೃಶ್ಯವಾಗಲಿ, ಆ ಪ್ರಸಿದ್ಧ ಸಂಗೀತವಾಗಲಿ ಅದರಲ್ಲಿರಲಿಲ್ಲ. ಚಿತ್ರ ಸೋಲಲಿಲ್ಲ, ಆದರೆ ಅದೇ ವರ್ಷದ 'ಆಕ್ಟೋಪಸಿ' ಅದಕ್ಕಿಂತ ಹೆಚ್ಚು ಗಳಿಸಿತು. ಜನಪ್ರಿಯ ಬಾಂಡ್ ಹಿಂದೆ ಬಿದ್ದು ಬಾಂಡ್ ಸಂಸ್ಥೆ ಗೆದ್ದ ಲೆಕ್ಕ ಇದು. 26ನೆಯ ಚಿತ್ರದ ವಿಷಯದಲ್ಲೂ ಏರ್ಪಾಡು ಮೊದಲು, ನಟ ಆಮೇಲೆ ಎಂಬ ಕ್ರಮ ಬದಲಾಗಲಿಲ್ಲ: 2025ರ ಜೂನ್‌ನಲ್ಲಿ ನಿರ್ದೇಶಕ ಡೆನಿ ವಿಲ್‌ನೆವ್ ಹೆಸರು ಪ್ರಕಟವಾದಾಗ ಬಾಂಡ್ ಯಾರೆಂಬುದು ಗೊತ್ತಾಗಿರಲಿಲ್ಲ.